ಗೇರ್ ತಾನಾಗಿ ಜಾರಿತ್ತು

ಇದನ್ನು ಬರೆಯುವ ಕೆಲಸವನ್ನು ನಾನು ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದೇನೆ. ನಮ್ಮ ಕಡೆಯ ಗ್ಯಾರೇಜಿನವರ ಸಂಘದ ಹುಡುಗರು ಮನೆಗೇ ಬಂದು ಕೇಳಿದ್ದರು. "ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಅಂತ ಬರ್ದು ಕೊಡಿ, ಹೊಸಬರಿಗೆ ಉಪಯೋಗ ಆಗ್ತದೆ" ಎಂದರು. ಮಳೆ ಮುಗಿಯಲಿ ಎಂದೆ. ಮಳೆ ಮುಗಿದ ಮೇಲೆ ಕನ್ನಡಕ ಬದಲಿಸಬೇಕು ಎಂದೆ. ಕನ್ನಡಕವೂ ಬಂತು. ಬರೆಯಲು ಕೂತರೆ ತೋಟದ ಪಂಪಿನ ಶಬ್ದದಲ್ಲಿ ಏನೋ ವ್ಯತ್ಯಾಸ ಇದೆ ಅನಿಸಿ ಎದ್ದು ಹೋಗುತ್ತೇನೆ. ಹತ್ತಿರ ನಿಂತು ಕಿವಿಗೊಟ್ಟರೆ ಶಬ್ದ ಸರಿಯಾಗಿಯೇ ಇರುತ್ತದೆ. ಮತ್ತೆ ಬಂದು ಕೂರುತ್ತೇನೆ. "ನಿಮಗೆ ಎಂತ ಆಗಿದೆ, ಒಂದು ಕಡೆ ಕೂತ್ಕೊಳ್ಳಿಕ್ಕೆ ಆಗುದಿಲ್ವಾ?" ಎಂದು ನನ್ನ ಹೆಂಡತಿ ಕೇಳುತ್ತಾಳೆ. ಆಗುವುದಿಲ್ಲ.

ಕೆಲಸದ ಬಗ್ಗೆ ಬರೆಯುವುದಾದರೆ ಒಬ್ಬರ ಬಗ್ಗೆ ಬರೆಯಲೇಬೇಕು. ಅವರ ಬಗ್ಗೆ ಬರೆಯುವುದಾದರೆ ನಾನು ಅವರಿಗೆ ಮಾಡಿದ್ದನ್ನೂ ಬರೆಯಬೇಕು. ಕೈ ಹಿಂದೆ ಸರಿಯುತ್ತಿದ್ದದ್ದು ಅದಕ್ಕೆ.

ನಾನು ಹತ್ತನೇ ತರಗತಿ ಮುಗಿಸಿ ಪುತ್ತೂರಿನ ಹತ್ತಿರದ ಕಬಕದಲ್ಲಿ ಒಂದು ಗ್ಯಾರೇಜಿಗೆ ಸೇರಿದೆ. ಅದರ ಯಜಮಾನರು ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರು ನನ್ನನ್ನು "ಮೋನೆ" ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಅದು ಮಗನನ್ನು ಕರೆಯುವ ಮಾತು. ಸಿಟ್ಟು ಬಂದಾಗಲೂ ಮೋನೆಯೇ; ದನಿ ಮಾತ್ರ ಬೇರೆ.

ಆಗ ಪುತ್ತೂರು, ಸುಳ್ಯ, ಕಡಬದ ಕಡೆ ಓಡಾಡುತ್ತಿದ್ದ ಹಳೆಯ ಕಾರು, ಜೀಪುಗಳು ಹೆಚ್ಚಿನವು ಪೆಟ್ರೋಲಿನವು. ಪೆಟ್ರೋಲ್ ಕುಡಿಯುವುದರಲ್ಲಿ ಅವಕ್ಕೆ ಮಿತಿ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಡೀಸೆಲ್ ಎಂಜಿನ್ ಬೇಕು. ಹೊಸ ಗಾಡಿ ಕೊಳ್ಳುವಷ್ಟು ಶಕ್ತಿ ಇಲ್ಲದವರು ಗುಜರಿಯಿಂದ ಯಾವುದೋ ಗಾಡಿಯ ಡೀಸೆಲ್ ಎಂಜಿನ್ ತಂದು ನಮ್ಮ ಅಂಗಳದಲ್ಲಿ ಇಳಿಸುತ್ತಿದ್ದರು. "ಇದನ್ನು ಇದಕ್ಕೆ ಕೂರಿಸಿ ಕೊಡಿ ಉಸ್ತಾದ್" ಎನ್ನುತ್ತಿದ್ದರು, ಬಾಗಿಲಿಗೆ ಚಿಲಕ ಕೂರಿಸುವ ಕೆಲಸದಂತೆ.

ಹೊಸಬರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈಗ ನೀವು ಈ ಕೆಲಸ ನೋಡುವುದು ಕಡಿಮೆ. ಬೇರೆ ಎಂಜಿನ್ ಹಾಕಲು ಕಾನೂನು ಸುಲಭದಲ್ಲಿ ಬಿಡುವುದಿಲ್ಲ. ಹಳೆಯ ಜೀಪಿನ ಮೋಹ ಇರುವವರಿಗೆ ತಯಾರಾದ ಕಿಟ್ಟೇ ಪೆಟ್ಟಿಗೆಯಲ್ಲಿ ಬರುತ್ತದಂತೆ. ನಮಗೆ ಅಂಥದ್ದೇನೂ ಇರಲಿಲ್ಲ. ಎಂಜಿನ್ ಒಂದು ಕಂಪನಿಯದ್ದು, ಗೇರ್ ಬಾಕ್ಸ್ ಇನ್ನೊಂದರದ್ದು. ಗೇರ್ ಬಾಕ್ಸಿನಿಂದ ಮುಂದಕ್ಕೆ ಚಾಚಿದ ಶಾಫ್ಟಿನ ಹಲ್ಲಿಗೆ ಎಂಜಿನಿನ ಕ್ಲಚ್ ಪ್ಲೇಟ್ ಕೂರುವುದಿಲ್ಲ. ಕೂತರೆ ಶಾಫ್ಟು ಉದ್ದ ಸಾಲುವುದಿಲ್ಲ. ಉದ್ದ ಸರಿಹೋದರೆ ಅದರ ತುದಿ ಎಂಜಿನಿನ ಹಿಂದೆ ಅದನ್ನು ಹಿಡಿಯಬೇಕಾದ ಬುಷ್ಷಿನ ಬಳೆಯೊಳಗೆ ಲೊಡಲೊಡ ಆಡುತ್ತದೆ. ಇದೆಲ್ಲ ಹೊಂದಿದರೂ ಬೋಲ್ಟಿನ ತೂತುಗಳು ಎದುರುಬದುರಾಗುವುದಿಲ್ಲ. ಅದಕ್ಕೆ ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟ್ ಹಾಕುತ್ತಿದ್ದೆವು. ಒಂದು ಮುಖದಲ್ಲಿ ಎಂಜಿನಿಗೆ ಬೇಕಾದ ತೂತು, ಇನ್ನೊಂದು ಮುಖದಲ್ಲಿ ಗೇರ್ ಬಾಕ್ಸಿಗೆ ಬೇಕಾದದ್ದು. ಪುತ್ತೂರಿನ ಲೇತಿನಲ್ಲಿ ಅದನ್ನು ಮಾಡಿಸುತ್ತಿದ್ದೆವು. ಅಳತೆಗೆ ರಟ್ಟು. ಗೇರ್ ಬಾಕ್ಸಿನ ಬಾಯಿಗೆ ರಟ್ಟನ್ನು ಒತ್ತಿ ಹಿಡಿದು ಸುತ್ತಲೂ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದರೆ ತೂತುಗಳ ಅಂಚು ರಟ್ಟಿನ ಮೇಲೆ ಮೂಡುತ್ತಿತ್ತು.

ಇಷ್ಟೆಲ್ಲದರ ಮೇಲೆ ಉಸ್ತಾದರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಸೆಂಟರ್ ನೋಡಿದ್ಯಾ?"

ಎಂಜಿನಿನ ನಡುವೂ ಗೇರ್ ಬಾಕ್ಸಿನ ನಡುವೂ ಒಂದೇ ನೇರದಲ್ಲಿ ಇರಬೇಕು. ಅದನ್ನು ಅಳೆಯುವ ಡಯಲ್ ಒಂದಿತ್ತು. ಅದನ್ನವರು ಬನಿಯನ್ ಬಟ್ಟೆಯಲ್ಲಿ ಸುತ್ತಿ ತಮ್ಮ ಮೇಜಿನೊಳಗೇ ಇಡುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಕೈಯನ್ನು ನಂಬುತ್ತಿದ್ದರು. ಬೋಲ್ಟು ಸಡಿಲ ಇರುವಾಗ ಗೇರ್ ಬಾಕ್ಸನ್ನು ಟಾಪಿಗೆ, ಅಂದರೆ ಕೊನೆಯ ಗೇರಿಗೆ, ಹಾಕಿ ಹಿಂದಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಬೋಲ್ಟು ಪೂರ್ತಿ ಬಿಗಿದ ಮೇಲೆ ಮತ್ತೆ ತಿರುಗಿಸಬೇಕು. ಎರಡು ಸಲವೂ ಕೈಗೆ ಒಂದೇ ಭಾರ ಸಿಗಬೇಕು. ಬಿಗಿದ ಮೇಲೆ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಗಟ್ಟಿ ಅನಿಸಿದರೆ ಸೆಂಟರ್ ತಪ್ಪಿದೆ ಎಂದು ಅರ್ಥ, ಎಲ್ಲ ಬಿಚ್ಚಬೇಕು.

ಬಿಚ್ಚದೆ ಹಾಗೇ ಬಿಟ್ಟರೆ? ಗಾಡಿ ಓಡುತ್ತದೆ. ಅದೇ ದೊಡ್ಡ ಅಪಾಯ. ಒಳಗಿನ ಶಾಫ್ಟು ಮಾತ್ರ ಪ್ರತಿ ಸುತ್ತಿಗೂ ಒಂದಿಷ್ಟೇ ಇಷ್ಟು ಅಲುಗುತ್ತದೆ, ಆ ಅಲುಗಾಟ ಟಾಪ್ ಗೇರನ್ನು ಮೆಲ್ಲ ಮೆಲ್ಲ ಹೊರಗೆ ತಳ್ಳುತ್ತದೆ. ಏರಿನಲ್ಲಿ ಎಂಜಿನ್ ಎಳೆಯುವಾಗ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ಡ್ರೈವರ್ ಕಾಲು ಎತ್ತಿದ ಕೂಡಲೇ ಗೇರ್ ತಾನಾಗಿ ಜಾರಿ ನ್ಯೂಟ್ರಲಿಗೆ ಬಂದುಬಿಡುತ್ತದೆ.

ಈ ಸಾಲನ್ನು ನೆನಪಿಟ್ಟುಕೊಳ್ಳಿ. ನಾನು ಇದಕ್ಕೇ ಹಿಂದಿರುಗಿ ಬರಬೇಕು. ಆದರೆ ಅದಕ್ಕೆ ಮೊದಲು ಒಂದು ನಗುವ ಸಂಗತಿ ಹೇಳುತ್ತೇನೆ; ನೇರ ಅಲ್ಲಿಗೇ ಹೋಗಲು ಇವತ್ತೂ ಧೈರ್ಯ ಸಾಲುತ್ತಿಲ್ಲ.

ಕಬಕದ ಹತ್ತಿರ ಒಬ್ಬರು ಅಡಿಗೆಯ ಭಟ್ಟರಿದ್ದರು. ಮದುವೆ ಮುಂಜಿಗಳಿಗೆ ಪಾತ್ರೆ ಪಗಡ ತುಂಬಿಕೊಂಡು ಹೋಗಲು ಅವರದ್ದೊಂದು ಹಳೆಯ ಕಾರು. ಡೀಸೆಲ್ ಎಂಜಿನ್ ಕೂರಿಸಿದ ಮೇಲೆ ಹಿಂದಿನ ಆಕ್ಸಲನ್ನೂ ಬದಲಿಸಬೇಕಾಯಿತು. ಡೀಸೆಲ್ ಎಂಜಿನ್ ನಿಧಾನ ತಿರುಗುತ್ತದೆ. ಪೆಟ್ರೋಲಿನ ಆಕ್ಸಲಿನಲ್ಲಿ ಅದು ಎಷ್ಟು ಕೂಗಿದರೂ ಕಾರು ಮುಂದೆ ಹೋಗುವುದಿಲ್ಲ. ಗುಜರಿಯಿಂದ ಬೇರೆ ಗಾಡಿಯ ಆಕ್ಸಲ್ ತಂದು, ಸ್ಪ್ರಿಂಗ್ ಕೂರುವ ಜಾಗ ಕತ್ತರಿಸಿ ಬೆಸುಗೆ ಹಾಕಿದೆವು. ಎಣ್ಣೆ ತುಂಬಿಸುವ ಬಿರಡೆ ತೀರ ಕೆಳಗೆ ಬಂತು. ಎಣ್ಣೆ ಇಳಿಸುವುದಕ್ಕೆ ಇರುವಂಥದ್ದು ಎಂದುಕೊಂಡೆ. ಭಟ್ಟರು ಕೂತರು, ಒಂದನೇ ಗೇರ್ ಹಾಕಿದರು, ಕಾರು ಹಿಂದಕ್ಕೆ ಹೋಗಿ ನಮ್ಮ ನೀರಿನ ಡ್ರಮ್ಮಿಗೆ ಗುದ್ದಿತು. ಎರಡನೆಯದು ಹಾಕಿದರೆ ಇನ್ನೂ ಜೋರಾಗಿ ಹಿಂದಕ್ಕೆ. ನಾನು ಆಕ್ಸಲನ್ನು ತಲೆಕೆಳಗಾಗಿ ಕೂರಿಸಿದ್ದೆ. ಕಾರಿಗೆ ಈಗ ಹಿಂದಕ್ಕೆ ಹೋಗಲು ನಾಲ್ಕು ಗೇರ್, ಮುಂದೆ ಹೋಗಲು ಒಂದು.

ಭಟ್ಟರು ಇಳಿದು ಬಂದು ಪಂಚೆ ಸರಿಮಾಡಿಕೊಂಡರು. "ಹೋಗುವಾಗ ನಿಧಾನ, ಬರುವಾಗ ಟಾಪು. ಅಡಿಗೆಯವರಿಗೆ ಇದೇ ಸರಿ ಮಾರಾಯ್ರೆ. ಸಾಂಬಾರು ಸರಿಯಾಗದ ದಿವಸ ಬೇಗ ತಪ್ಪಿಸಿಕೊಳ್ಬಹುದು" ಎಂದರು.

ಎಲ್ಲರೂ ನಕ್ಕರು. ನಾನು ಆಕ್ಸಲೇ ಸರಿ ಇಲ್ಲ, ಗುಜರಿಯವನು ಮೋಸ ಮಾಡಿದ ಎಂದು ಏನೇನೋ ಹೇಳಲು ಹೊರಟೆ. ಉಸ್ತಾದರು ಕೈ ಎತ್ತಿ ನನ್ನ ಬಾಯಿ ನಿಲ್ಲಿಸಿದರು. "ತಪ್ಪು ನಮ್ದು ಭಟ್ರೆ. ನಾಡಿದ್ದು ಸಂಜೆಗೆ ಸರಿ ಮಾಡಿ ಕೊಡ್ತೇವೆ. ನಿಮ್ಮ ಮದುವೆ ಅಡಿಗೆಗೆ ನನ್ನ ಗಾಡಿ ತಗೊಂಡು ಹೋಗಿ" ಎಂದರು. ಅಷ್ಟೇ. ಭಟ್ಟರು ಕೊನೆಯವರೆಗೂ ನಮ್ಮ ಗ್ಯಾರೇಜು ಬಿಟ್ಟು ಬೇರೆಡೆಗೆ ಹೋಗಲಿಲ್ಲ. ಅದು ನನ್ನ ಕಣ್ಣೆದುರೇ ನಡೆದದ್ದು. ಆದರೂ ನನ್ನ ಸರದಿ ಬಂದಾಗ ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ.

ಇನ್ನು ಅಲ್ಲಿಗೆ ಹೋಗುತ್ತೇನೆ.

ಕಡಬದಿಂದ ಒಳಗಿನ ಊರಿಗೆ ಜೀಪು ಓಡಿಸುತ್ತಿದ್ದ ಒಬ್ಬರಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಸದ್ಯಕ್ಕೆ ಹಾಗೆಯೇ ಬರೆಯುತ್ತೇನೆ. ಬಸ್ಸು ಹೋಗದ ದಾರಿಗೆ ಅವರ ಜೀಪೇ ಬಸ್ಸು. ಒಳಗೆ ಎಷ್ಟು ಜನವೋ ಹೊರಗೆ ನೇತುಕೊಂಡವರೂ ಅಷ್ಟೇ. ಆ ದಾರಿಯಲ್ಲಿ ಹೊಳೆಗೆ ಇಳಿಯುವ ಒಂದು ಉದ್ದದ ಇಳಿಜಾರಿದೆ.

ಇಲ್ಲಿ ನಮ್ಮ ಕಡೆಯ ಡ್ರೈವರುಗಳ ಒಂದು ರೂಢಿ ಹೇಳಬೇಕು. ಇಳಿಜಾರು ಬಂದರೆ ಗೇರ್ ತೆಗೆದು ನ್ಯೂಟ್ರಲ್ ಮಾಡಿಬಿಡುವುದು. ಗಾಡಿ ತನ್ನ ಭಾರಕ್ಕೇ ಉರುಳುತ್ತದೆ, ಪೆಟ್ರೋಲ್ ಉಳಿಯುತ್ತದೆ. ಸಂಪಾಜೆ ಘಾಟಿ ಇಳಿಯುವವರೂ ಮಾಡುತ್ತಿದ್ದರು, ಹಳ್ಳಿ ದಾರಿಯವರೂ ಮಾಡುತ್ತಿದ್ದರು. ಜೀಪಿನಲ್ಲಿ ಕೂತವರಿಗೆಲ್ಲ ಗೊತ್ತಾಗುತ್ತಿತ್ತು; ಎಂಜಿನಿನ ದನಿ ಒಮ್ಮೆಲೇ ಕುಗ್ಗಿ ಗಾಳಿಯ ಶಬ್ದ ಮಾತ್ರ ಕೇಳುತ್ತದೆ. ಎಂಜಿನಿನ ಹಿಡಿತ ಇಲ್ಲದೆ ಬರೀ ಬ್ರೇಕಿನ ಮೇಲೆ ಇಳಿಯುವುದು ಎಂಥ ಅಪಾಯ ಎಂಬುದೂ ಎಲ್ಲರಿಗೂ ಗೊತ್ತಿತ್ತು.

ಅಣ್ಣ ಗುಜರಿಯ ಡೀಸೆಲ್ ಎಂಜಿನ್ ಹೊತ್ತು ನಮ್ಮ ಗ್ಯಾರೇಜಿಗೆ ಬಂದ ದಿನ ನನ್ನೊಡನೆ ಹೇಳಿದ ಮಾತು ಇದು: "ನಾನೂ ನ್ಯೂಟ್ರಲ್ ಮಾಡ್ತಿದ್ದೆ ತಮ್ಮ, ಸುಳ್ಳು ಯಾಕೆ ಹೇಳ್ಬೇಕು? ಆದರೆ ಈಗ ಶಾಲೆ ಮಕ್ಕಳೂ ಹತ್ತುದು ನನ್ನ ಜೀಪಿಗೇ. ಹೆದರಿಕೆ ಆಗ್ತದೆ. ಡೀಸೆಲಿಗೆ ಖರ್ಚು ಕಡಿಮೆ, ಇನ್ನು ಅದು ಬೇಡ ಅಂತಲೇ ಹಾಕ್ಸುದು."

ಇದನ್ನು ಕೇಳಿದವನು ನಾನೊಬ್ಬನೇ.

ಆಗ ಉಸ್ತಾದರು ಕಣ್ಣಿನ ಆಪರೇಷನ್ನಿಗೆ ಮಂಗಳೂರಿಗೆ ಹೋಗಿದ್ದರು. ಗ್ಯಾರೇಜನ್ನು ಮೊದಲ ಸಲ ನನ್ನ ಕೈಗೆ ಬಿಟ್ಟಿದ್ದರು. ನನಗೆ ಅದೇ ಅಮಲು. ಉಸ್ತಾದರಿಗಿಂತ ಬೇಗ ಮುಗಿಸಿ ತೋರಿಸಬೇಕು ಎಂಬ ಹಟ. ಶಾಲೆ ಶುರುವಾಗುವ ಮೊದಲು ಜೀಪು ಕೊಡುತ್ತೇನೆ ಎಂದು ಅಣ್ಣನಿಗೆ ಮಾತು ಕೊಟ್ಟೆ. ರಟ್ಟಿನಲ್ಲಿ ಅಳತೆ ತೆಗೆಯುವಾಗ ಅದು ಎಲ್ಲೋ ಸ್ವಲ್ಪ ಜಾರಿರಬೇಕು. ಲೇತಿನಿಂದ ಪ್ಲೇಟ್ ಬಂತು. ಜೋಡಿಸಿ ನೋಡಿದರೆ ಮೇಲಿನ ಬೋಲ್ಟುಗಳು ಒಳಗೆ ಹೋದವು, ಕೆಳಗಿನ ಎರಡು ಹೋಗಲಿಲ್ಲ.

ಮಾಡಬೇಕಾದದ್ದು ನನಗೆ ಗೊತ್ತಿತ್ತು. ಹೊಸ ಅಳತೆ, ಹೊಸ ಪ್ಲೇಟ್. ಆದರೆ ಲೇತಿನಲ್ಲಿ ಕೆಲಸ ಸಾಲುಗಟ್ಟಿತ್ತು, ಕರೆಂಟ್ ಬೇರೆ ಇರುತ್ತಿರಲಿಲ್ಲ. ನಾನು ಅರ ತೆಗೆದುಕೊಂಡು ಆ ಎರಡು ತೂತುಗಳನ್ನು ಉಜ್ಜಿ ಉದ್ದ ಮಾಡಿದೆ. ಬೋಲ್ಟು ಹೋಯಿತು. ಬಿಗಿದೆ. ಟಾಪಿಗೆ ಹಾಕಿ ಕೈಯಲ್ಲಿ ತಿರುಗಿಸಿದೆ. ಒಂದು ಕಡೆ ಗಟ್ಟಿಯಾಯಿತು. ಮತ್ತೆ ತಿರುಗಿಸಿದೆ. ಅದೇ ಜಾಗದಲ್ಲಿ ಮತ್ತೆ ಗಟ್ಟಿ. ಮೂರನೆಯ ಸಲ ತಿರುಗಿಸಲಿಲ್ಲ.

ಉಸ್ತಾದರು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ವಾಪಸು ಬಂದಾಗ ಜೀಪು ಆಗಲೇ ದಾರಿ ಹಿಡಿದಿತ್ತು. ಕೂರುವ ಮೊದಲೇ ಕೇಳಿದರು: "ಸೆಂಟರ್ ನೋಡಿದ್ಯಾ ಮೋನೆ?"

"ನೋಡಿದ್ದೇನೆ" ಎಂದೆ. ಅದು ಸುಳ್ಳೂ ಅಲ್ಲ. ನೋಡಿದ್ದೆ.

ಕೆಲವು ವಾರ ಕಳೆದು ಅಣ್ಣ ಬಂದರು. ಎಂಜಿನ್ ಒಳ್ಳೆಯದಿದೆ, ಎಳೆತ ಒಳ್ಳೆಯದಿದೆ ಎಂದೆಲ್ಲ ಹೊಗಳಿ ಕೊನೆಗೆ, "ಒಂದು ಸಣ್ಣ ಕಿರಿಕಿರಿ. ಟಾಪ್ ಒಮ್ಮೊಮ್ಮೆ ಬಿಡ್ತದೆ, ಇಳಿಯುವಾಗ" ಎಂದರು.

ನಾನು ಮೊದಲು ತಿರುಗಿ ನೋಡಿದೆ. ಉಸ್ತಾದರು ಆಚೆ ಯಾರೊಡನೆಯೋ ಮಾತಾಡುತ್ತಿದ್ದರು. "ಹೊಸತಲ್ವಾ ಅಣ್ಣ, ಸ್ವಲ್ಪ ಓಡ್ಲಿ, ಸರಿ ಆಗ್ತದೆ. ನೀವು ಗೇರಿನ ಮೇಲೆ ಕೈ ಇಟ್ಟುಕೊಂಡು ಓಡಿಸ್ಬೇಡಿ" ಎಂದೆ. ಅಣ್ಣ ಕೈಯನ್ನೇ ಒಮ್ಮೆ ನೋಡಿಕೊಂಡರು. "ಹೌದಾ? ಇಡ್ತೇನೋ ಏನೋ" ಎಂದು ಹೋದರು. ನಂಬಿದರು. ಅವರು ನನ್ನನ್ನು ಯಾವಾಗಲೂ ನಂಬುತ್ತಿದ್ದರು.

ಮೊದಲ ಮಳೆ ಬಿದ್ದ ಮರುದಿನ ಜೀಪು ಆ ಹೊಳೆಯ ಇಳಿಜಾರಿನಲ್ಲಿ ಹಿಡಿತ ತಪ್ಪಿತು. ಬೆಳಗಿನ ಹೊತ್ತು, ಜೀಪು ತುಂಬ ಜನ. ಗೇರ್ ಜಾರಿತು. ವಾಪಸು ಹಾಕಲು ನೋಡಿದರೆ ಕೂರಲಿಲ್ಲ. ಬರೀ ಬ್ರೇಕಿಗೆ ಒದ್ದೆ ದಾರಿಯಲ್ಲಿ ಅಷ್ಟು ಭಾರ ನಿಲ್ಲಲಿಲ್ಲ. ಕೆಳಗೆ ಹೊಳೆ ಇತ್ತು. ಅಣ್ಣ ಸ್ಟೇರಿಂಗ್ ತಿರುಗಿಸಿ ಜೀಪನ್ನು ಈಚೆಯ ಬರೆಗೆ, ದಾರಿ ಬದಿಯ ಮಣ್ಣಿನ ದಿಬ್ಬಕ್ಕೆ, ಒತ್ತಿ ನಿಲ್ಲಿಸಿದರು. ಹಾಗಾಗಿ ಜೀವ ಹೋಗಲಿಲ್ಲ. ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಿದ್ದ ಒಬ್ಬ ಹೆಂಗಸಿನ ಕೈ ಮುರಿಯಿತು. ಆ ಕೈ ಮತ್ತೆ ನೆಟ್ಟಗಾಗಲಿಲ್ಲ ಎಂದು ಆಮೇಲೆ ಕೇಳಿದೆ. ಶಾಲೆಯ ಮಕ್ಕಳು ತರಚು ಗಾಯದಲ್ಲಿ ಉಳಿದರು.

ಓಡಿಬಂದವರು ಮೊದಲು ನೋಡಿದ್ದು ಗೇರ್. ಅದು ನ್ಯೂಟ್ರಲಿನಲ್ಲಿತ್ತು. "ಎಂಜಿನ್ ಶಬ್ದ ನಿಂತ ಹಾಗಾಯ್ತು, ಗಾಳಿ ಮಾತ್ರ ಕೇಳ್ತಿತ್ತು" ಎಂದು ಜೀಪಿನಲ್ಲಿದ್ದವರೂ ಹೇಳಿದರು. ಅಲ್ಲಿಗೆ ಮುಗಿಯಿತು. ಡೀಸೆಲ್ ಉಳಿಸಲು ಹೋಗಿ ಮಕ್ಕಳನ್ನು ಹೊಳೆಗೆ ಹಾಕುತ್ತಿದ್ದ ಎಂದು ಊರಿಡೀ ಆಯಿತು.

ಜೀಪನ್ನು ಕಟ್ಟಿ ಎಳೆದು ನಮ್ಮಲ್ಲಿಗೇ ತಂದರು. ನಾನೇ ಗೇರ್ ಬಾಕ್ಸ್ ಇಳಿಸಿದೆ. ನಾನು ಉಜ್ಜಿದ ತೂತುಗಳಲ್ಲಿ ಬೋಲ್ಟು ಇನ್ನಷ್ಟು ಜರುಗಿ, ಪ್ಲೇಟು ಜರುಗಿದ ಗುರುತು ಕಬ್ಬಿಣದ ಮೇಲೆ ಹೊಳೆಯುತ್ತಿತ್ತು. ಅದೇ ಸಂಜೆ ಕಡಬದ ಜೀಪ್ ಸ್ಟ್ಯಾಂಡಿನ ಮುಖಂಡರು ಅಣ್ಣನನ್ನು ಕರೆದುಕೊಂಡು ಬಂದರು. ಅಣ್ಣನ ಹಣೆಗೆ ಬಟ್ಟೆ ಸುತ್ತಿತ್ತು. ಉಸ್ತಾದರು ನಮಾಜಿಗೆ ಹೋಗಿದ್ದರು.

"ಬಿಚ್ಚಿ ನೋಡಿದ್ಯಾ?" ಎಂದು ಮುಖಂಡರು ಕೇಳಿದರು.

"ನೋಡಿದೆ."

"ಎಂತ ಉಂಟು ಗೇರ್ ಬಾಕ್ಸಲ್ಲಿ?"

"ಗೇರ್ ಬಾಕ್ಸಿಗೆ ಎಂತದೂ ಆಗ್ಲಿಲ್ಲ" ಎಂದೆ. ಗೇರ್ ಬಾಕ್ಸಿಗೆ ನಿಜವಾಗಿ ಏನೂ ಆಗಿರಲಿಲ್ಲ. ಅದನ್ನು ಕೂರಿಸಿದ್ದು ತಪ್ಪಾಗಿತ್ತು. ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ.

ಅಣ್ಣ ಮುಂದೆ ಬಂದರು. "ಸರಿಯಾಗಿ ನೋಡು ತಮ್ಮ. ನಾನು ಕೈ ಹಾಕ್ಲೇ ಇಲ್ಲ. ಅದಾಗಿಯೇ ಬಿಟ್ಟದ್ದು."

"ಕೈ ಹಾಕಿದೆ ಅಂತ ಯಾವ ಡ್ರೈವರ್ ಒಪ್ಪಿದ್ದಾನೆ ಮಾರಾಯ?" ಎಂದು ಮುಖಂಡರು ನಕ್ಕರು. "ನೀನು ಎಷ್ಟು ಸಲ ನ್ಯೂಟ್ರಲ್ ಮಾಡಿದ್ದಿ ಅಂತ ನನಗೆ ಗೊತ್ತಿಲ್ವಾ? ಒಟ್ಟಿಗೇ ಓಡಿಸಿದವರಲ್ವಾ ನಾವು?"

"ಅದು ಮೊದ್ಲು. ಈಗ ಅಲ್ಲ. ತಮ್ಮಾ, ನೀನೇ ಹೇಳು. ಟಾಪ್ ಬಿಡ್ತದೆ ಅಂತ ನಾನು ನಿನ್ನ ಹತ್ರ ಬಂದು ಹೇಳ್ಲಿಲ್ವಾ?"

ಇಬ್ಬರೂ ನನ್ನ ಮುಖ ನೋಡಿದರು. ಪ್ಲೇಟು ನನ್ನ ಕಾಲಿನ ಹತ್ತಿರವೇ ಬಿದ್ದಿತ್ತು. ಬಗ್ಗಿ ಎತ್ತಿ ತೋರಿಸಿದ್ದರೆ ಸಾಕಿತ್ತು.

"ಹೇಳಿದ್ದಿರಿ" ಎಂದೆ. "ಗೇರಿನ ಮೇಲೆ ಕೈ ಇಡ್ಬೇಡಿ ಅಂತ ನಾನೂ ಆಗಲೇ ಹೇಳಿದ್ದೆ."

ನಾನು ಬದುಕಿನಲ್ಲಿ ಆಡಿದ ಮಾತುಗಳಲ್ಲಿ ಇದೊಂದನ್ನು ತಿರುಗಿ ನುಂಗಲು ಸಾಧ್ಯವಿದ್ದರೆ ಉಳಿದದ್ದೆಲ್ಲ ಹಾಗೇ ಇರಲಿ ಎನ್ನುತ್ತೇನೆ.

ಮರುದಿನವೇ ಲೇತಿನವರ ಕಾಲು ಹಿಡಿದು ಹೊಸ ಪ್ಲೇಟ್ ಮಾಡಿಸಿದೆ. ಹಳೆಯದನ್ನು ಗುಜರಿಯವನ ಗೋಣಿಗೆ ನನ್ನ ಕೈಯಾರೆ ಹಾಕಿದೆ. ಉಸ್ತಾದರ ಕಣ್ಣು ಇನ್ನೂ ಸರಿಯಾಗಿರಲಿಲ್ಲ. ಅವರು ಬಂದು ಜೀಪಿನ ಅಡಿ ಕೂತು, ಪ್ಲೇಟಿನ ಅಂಚಿನ ಮೇಲೆ ಬೆರಳು ಆಡಿಸಿದರು. "ಇದು ಹೊಸತು" ಎಂದರು. ಬೆರಳು ತೆಗೆಯದೆಯೇ, "ಹಳತು ಎಲ್ಲುಂಟು?" ಎಂದರು. ಗುಜರಿಗೆ ಹಾಕಿದೆ ಎಂದೆ. ಆಗ ನಾನು ಎಲ್ಲ ಹೇಳಿದೆ. ಅಳುತ್ತ ಹೇಳಿದೆ. ಅವರು ಬೈಯಲಿಲ್ಲ.

"ಅವನ ಹತ್ರ ಹೋಗಿ ಹೇಳು ಮೋನೆ. ಸ್ಟ್ಯಾಂಡಲ್ಲಿ ಎಲ್ರ ಎದುರು ಹೇಳು. ನಾನು ಒಟ್ಟಿಗೆ ಬರ್ತೇನೆ. ಆದರೆ ಬಾಯಿ ಬಿಡುದು ನೀನೇ" ಎಂದರು.

ನಾಳೆ ಹೋಗುವ ಎಂದೆ. ನಾಳೆ ಎಂಬುದು ಮುಂದಿನ ವಾರ ಆಯಿತು. ಉಸ್ತಾದರು ಆಗಾಗ ಕೆಲಸದ ನಡುವೆ ತಲೆ ಎತ್ತಿ "ಹೋದ್ಯಾ?" ಎಂದು ಕೇಳುತ್ತಿದ್ದರು. "ಇಲ್ಲ ಉಸ್ತಾದ್." ಮತ್ತೆ ಸ್ಪಾನರಿನ ಶಬ್ದ. ಅವರು ಸಾಯುವ ಮೊದಲು ನೋಡಲು ಹೋದಾಗ ಮಾತು ನಿಂತುಹೋಗಿತ್ತು. ನನ್ನನ್ನು ನೋಡಿ ಹುಬ್ಬು ಮಾತ್ರ ಏರಿಸಿದರು. ಏನು ಕೇಳುತ್ತಿದ್ದಾರೆಂದು ಗೊತ್ತಾಯಿತು. ನಾನು ತಲೆ ಅಲ್ಲಾಡಿಸಿದೆ.

ಅತ್ತ ಕಡಬದಲ್ಲಿ ಅಣ್ಣನ ಜೀಪಿಗೆ ಜನ ಹತ್ತುವುದನ್ನು ಬಿಟ್ಟರು. ಸ್ಟ್ಯಾಂಡಿನವರು ಅವರ ಪಾಳಿ ತೆಗೆದರು. ಅಣ್ಣ ಜೀಪು ಮಾರಿದರು. ಬೇರೆ ಯಾವ ಗಾಡಿಯವರೂ ಅವರ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಒಮ್ಮೆ ಒಂದು ಗೇರ್ ಬಾಕ್ಸ್ ತರಲು ಕಡಬಕ್ಕೆ ಹೋದವನು ಅವರನ್ನು ಕಂಡೆ. ಸ್ಟ್ಯಾಂಡಿನಲ್ಲಿ ನಿಂತು ಬೇರೆಯವರ ಜೀಪಿಗೆ ಜನ ಕರೆದು ತುಂಬಿಸುತ್ತಿದ್ದರು. ಸಣ್ಣ ಪ್ರಾಯದ ಒಬ್ಬ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: "ನ್ಯೂಟ್ರಲಣ್ಣ, ಇನ್ನಿಬ್ಬರನ್ನು ಹಾಕಿ! ನೀವು ಮಾತ್ರ ಹತ್ಬೇಡಿ, ನನ್ನ ಗೇರ್ ಹೆದರ್ತದೆ!"

ಜೀಪಿನವರೆಲ್ಲ ನಕ್ಕರು. ಅಣ್ಣನೂ ನಕ್ಕರು. ನಗುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ನಾನು ಅಂಗಡಿಯೊಂದರ ಒಳಗೆ ನುಗ್ಗಿ, ಬೇಡದ ಬೆಂಕಿಪೆಟ್ಟಿಗೆ ಕೊಂಡು, ಜೀಪು ಹೊರಡುವವರೆಗೆ ಅಲ್ಲೇ ನಿಂತಿದ್ದೆ.

ಆ ಹೆಸರೇ ಉಳಿಯಿತು. ನ್ಯೂಟ್ರಲ್. ಅವರ ಮನೆಗೆ ದಾರಿ ಕೇಳಿದರೂ ನ್ಯೂಟ್ರಲಣ್ಣನ ಮನೆ ಎಂದೇ ತೋರಿಸುತ್ತಿದ್ದರು. ನಾನು ಆಮೇಲೆ ಎಷ್ಟೋ ಎಂಜಿನ್ ಕೂರಿಸಿದೆ. ಒಂದಕ್ಕೂ ಅರ ಮುಟ್ಟಿಸಲಿಲ್ಲ. ಸೆಂಟರ್ ಒಂದಕ್ಕೆ ನಾಲ್ಕು ಸಲ ನೋಡಿದೆ. "ಇವರು ಕೈ ಹಾಕಿದ್ದು ಜಾರುದಿಲ್ಲ" ಎಂದು ಜನ ಹೇಳುತ್ತಿದ್ದರು. ಕೇಳಿದಾಗಲೆಲ್ಲ ಓಡಿಹೋಗಬೇಕು ಅನಿಸುತ್ತಿತ್ತು.

ಈ ವರ್ಷ ಮಳೆ ನಿಂತ ಮೇಲೆ, ಹುಡುಗರಿಗೆ ಬರೆದು ಕೊಡುವುದಾದರೆ ಮೊದಲು ಅವರಿಗೆ ಹೇಳಿಯೇ ಬರೆಯಬೇಕು ಎಂದು ನಿಶ್ಚಯಿಸಿ ಕಡಬಕ್ಕೆ ಹೋದೆ. ಈಗ ಅದು ತಾಲೂಕು ಕೇಂದ್ರ. ಪೇಟೆ ಬೆಳೆದಿದೆ, ಜೀಪುಗಳು ಕಡಿಮೆಯಾಗಿವೆ. ಅಣ್ಣ ಒಂದು ಹೋಟೆಲಿನ ಬೆಂಚಿನಲ್ಲಿ ಕೂತಿದ್ದರು. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ನನ್ನ ದನಿಯಲ್ಲೇ ಗುರುತು ಹಿಡಿದರು.

"ಕಬಕದ ತಮ್ಮ ಅಲ್ವಾ? ಇನ್ನೂ ಸಾಯ್ಲಿಲ್ವಾ ನೀನು?"

"ಇಲ್ಲ ಅಣ್ಣ. ಸೆಂಟರ್ ತಪ್ಪಿದೆ, ಆದರೂ ಓಡ್ತಾ ಉಂಟು" ಎಂದೆ. ಹಾಗೆ ಯಾಕೆ ಅಂದೆನೋ ಗೊತ್ತಿಲ್ಲ. ಅವರು ಗಟ್ಟಿಯಾಗಿ ನಕ್ಕು ಚಹಾ ಹೇಳಿದರು. ಹೋಟೆಲಿನವನು "ನ್ಯೂಟ್ರಲಜ್ಜನಿಗೆ ಸಕ್ಕರೆ ಕಡಿಮೆ" ಎಂದು ಒಳಗೆ ಕೂಗಿದ.

ನಾನು ಬಾಯಿ ತೆರೆದೆ. "ಅಣ್ಣ, ಆ ಜೀಪಿನ ವಿಷಯ ಒಂದುಂಟು" ಎಂದೆ.

ಅವರು ಕೈ ಅಡ್ಡ ಹಿಡಿದರು. "ಅದನ್ನು ನಾನೇ ಹೇಳ್ಬೇಕು ಅಂತ ಇದ್ದೆ ಮಾರಾಯ. ನೀನು ಸಿಕ್ಕಿದ್ದು ಒಳ್ಳೆದಾಯ್ತು. ಅವತ್ತು ನಾನು ಸ್ಟ್ಯಾಂಡಿನವರ ಎದುರು ತಪ್ಪನ್ನು ನಿನ್ನ ಕೆಲಸದ ಮೇಲೆ ಹಾಕ್ಲಿಕ್ಕೆ ನೋಡಿದೆ. ನೀನು ಆಗ ಹೊಸ ಹುಡುಗ. ನಿನ್ನ ಹೆಸರು ಹಾಳಾಗ್ತಿತ್ತು."

"ಹಾಗಲ್ಲ ಅಣ್ಣ..."

"ಕೇಳು. ಸುರುವಿಗೆ ನನಗೆ ಖಂಡಿತ ಇತ್ತು, ನಾನು ಕೈ ಹಾಕ್ಲಿಲ್ಲ ಅಂತ. ಆದರೆ ಎಲ್ರೂ ಹೇಳಿದ್ರು. ಮನೆಯಲ್ಲೂ ಹೇಳಿದ್ರು. ದಿನಾ ಅದೇ ಹೆಸರು ಕರೀತಾರೆ. ಈಗ ಕಣ್ಣು ಮುಚ್ಚಿದ್ರೆ ನನ್ನ ಕೈ ಗೇರಿನ ಮೇಲೆ ಇದ್ದ ಹಾಗೇ ಕಾಣ್ತದೆ ತಮ್ಮ. ಮಾಡಿದೆನೋ ಏನೋ. ಹಳೇ ಅಭ್ಯಾಸ ಅಲ್ವಾ? ಆ ಹೆಂಗಸಿನ ಕೈ ನಾನೇ ಮುರಿದದ್ದು." ಮೇಜಿನ ಮೇಲೆ ತಡಕಾಡಿ ನನ್ನ ಮಣಿಕಟ್ಟು ಹಿಡಿದುಕೊಂಡರು. "ನೀನು ಬೇಜಾರು ಇಟ್ಕೊಳ್ಬೇಡ. ತಪ್ಪಾಯ್ತು."

ನಾನು ಅಲ್ಲಿಂದ ಎದ್ದು ಬಂದೆ. ಹೇಳದೆ ಬಂದೆ. ಬಸ್ಸಿನ ಹೊತ್ತಾಯಿತು ಎಂದೇನೋ ಗೊಣಗಿರಬೇಕು. ಚಹಾ ಹಾಗೇ ಉಳಿದಿತ್ತು. ಕಬಕದಲ್ಲಿ ಇಳಿಯುವುದನ್ನೂ ಮರೆತು ಎಲ್ಲಿಯವರೆಗೋ ಹೋಗಿ, ವಾಪಸು ನಡೆದುಕೊಂಡು ಬಂದೆ. ಒಬ್ಬ ಮನುಷ್ಯನ ಕೆಲಸ, ಜೀಪು, ಹೆಸರು ನಾನು ತೆಗೆದದ್ದು ನನಗೆ ಗೊತ್ತಿತ್ತು. ಅವರ ಸ್ವಂತ ಕೈ ಏನು ಮಾಡಿತ್ತು ಎಂಬ ನೆನಪನ್ನೂ ತೆಗೆದಿದ್ದೇನೆ ಎಂದು ಗೊತ್ತಾದದ್ದು ಆ ಬೆಂಚಿನಲ್ಲಿ.

ಹೊಸಬರೇ, ತೂತು ಹೊಂದದಿದ್ದರೆ ಉಜ್ಜಬೇಡಿ. ಬಿಗಿದ ಮೇಲೆ ಇನ್ನೊಮ್ಮೆ ತಿರುಗಿಸಿ ನೋಡಿ. ಗಟ್ಟಿಯಾದರೆ ಬಿಚ್ಚಿ, ಎಷ್ಟೇ ತಡವಾಗಲಿ. ಬಿಚ್ಚದೆ ಕೊಟ್ಟಿದ್ದರೆ ಗಾಡಿಯವರ ಮನೆಗೆ ಇವತ್ತೇ ಹೋಗಿ. ಕೆಲಸ ಕಲಿಸಲು ನನ್ನ ಹತ್ತಿರ ಇರುವುದು ಇಷ್ಟೇ.

ಉಳಿದದ್ದು ನಿಮಗಾಗಿ ಬರೆದದ್ದಲ್ಲ. ಅಚ್ಚಿಗೆ ಕೊಡುವ ಮೊದಲು ಇದನ್ನು ಅಣ್ಣನ ಎದುರು ಕೂತು ಓದಿ ಹೇಳಬೇಕು. ಹೋಗುತ್ತೇನೆ ಎಂದು ಇಲ್ಲಿ ಬರೆಯುವುದಿಲ್ಲ. ಹೋಗುತ್ತೇನೆ ಎಂದು ಹೇಳಿ ಹೋಗದವನು ನಾನು. ನಾನು ಹೋಗದಿದ್ದರೂ ಇದು ಅಚ್ಚಿನಲ್ಲಿರಲಿ. ಕಡಬದಲ್ಲಿ ಯಾರಾದರೂ ಇದನ್ನು ಅವರಿಗೆ ಓದಿ ಹೇಳಲಿ: ಆ ಬೆಳಿಗ್ಗೆ ನಿಮ್ಮ ಕೈ ಗೇರಿನ ಮೇಲೆ ಇರಲಿಲ್ಲ. ಗೇರ್ ತಾನಾಗಿ ಜಾರಿತ್ತು. ಜಾರುವ ಹಾಗೆ ಕೂರಿಸಿದವನು ನಾನು. ನಿಮ್ಮ ಕೈ ಮಾಡಿದ್ದು ಒಂದೇ ಕೆಲಸ, ಜೀಪನ್ನು ಹೊಳೆಗೆ ಬಿಡದೆ ಬರೆಗೆ ತಿರುಗಿಸಿದ್ದು.

ಆ ಹೋಟೆಲಿನ ಬೆಂಚಿನಲ್ಲಿ ಅವರನ್ನು ಕಂಡರೆ, ದಯವಿಟ್ಟು, ಇನ್ನು ಹೆಸರು ಹಿಡಿದು ಕರೆಯಿರಿ. ಅವರ ಹೆಸರು ಪದ್ಮಯ್ಯ ಗೌಡ.